ಏಳು ‘ಕ’ಗಳ ಒಂದು ಸುಳ್ಳು

ಭಾನುವಾರ ಕ್ಲಬ್‌ಹೌಸ್‌ಗೆ ಹೋದರೆ ನಮ್ಮ ಸೊಸೈಟಿಯ ವಾಚ್‌ಮನ್ ಶರಣಪ್ಪ ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದರು. ಟೊಪ್ಪಿಗೆ ಕೈಯಲ್ಲಿತ್ತು. ಮುಖ ಸರಿ ಇರಲಿಲ್ಲ.

“ಮೇಡಂ, ನಾ ಯಾವಾಗ ಮಲಗೀನ್ರಿ?”

ಹಿನ್ನೆಲೆ ಹೇಳಿಬಿಡುತ್ತೇನೆ. ಪುಣೆಯ ಮಗರಪಟ್ಟಾ ಪಕ್ಕದ ನಮ್ಮ ಸೊಸೈಟಿಯಲ್ಲಿ ವಾರಕ್ಕೊಮ್ಮೆ ಎಂಟು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. (ಅವರು ನನ್ನನ್ನು ಆಂಟಿ ಅನ್ನುತ್ತಾರೆ. ನನಗೆ ಇಪ್ಪತ್ತೇಳು. ಇರಲಿ.) ಹಿಂದಿನ ವಾರದ ಪಾಠ ಅನುಪ್ರಾಸ. ದಿನಾ ನೋಡುವ ಯಾರ ಬಗ್ಗೆಯಾದರೂ ಒಂದು ವಾಕ್ಯ ಬರೆಯಬೇಕು, ಪದಗಳೆಲ್ಲ ಒಂದೇ ಅಕ್ಷರದಿಂದ ಶುರುವಾಗಬೇಕು. ಒಂಬತ್ತು ವರ್ಷದ ಅನ್ವಿ ಬರೆದಳು: “ಕಾವಲಿನ ಕಾಕಾ ಕುರ್ಚಿಯಲ್ಲಿ ಕುಳಿತು ಕಣ್ಮುಚ್ಚಿ ಕನಸು ಕಾಣುತ್ತಾರೆ.”

ಏಳಕ್ಕೆ ಏಳೂ ‘ಕ’! ಸ್ಟಾರ್ ಹಾಕಿ ಬೋರ್ಡಿಗೆ ಪಿನ್ ಮಾಡಿದೆ. ನಿಜವೇ ಎಂದು ಕೇಳಿದೆನೇ? ಇಲ್ಲ. ಕಿವಿಗೆ ಹಿತವಾಗಿದ್ದರೆ ನಾವೆಲ್ಲ ಹಾಗೆಯೇ ತಲೆದೂಗುತ್ತೇವೆ. (ಅಂಕಣ ಬರೆಯುವವರ ಮಾತು ಇಲ್ಲಿ ಬೇಡ.)

ಆದರೆ ಯಾದಗಿರಿಯ ಶರಣಪ್ಪನವರಿಗೆ ಕನ್ನಡ ಓದಲು ಬರುತ್ತದೆ.

“ಸೂಪರ್‌ವೈಸರ್ ಸಾಹೇಬ್ರು ನಿಪ್ಪಾಣಿಯವ್ರು, ಅವರೂ ಓದ್ತಾರ್ರಿ. ಈಗ ರೌಂಡಿಗೆ ಬರ್ತಾರ. ಹಿಂದಿನ ಗೇಟಿನಾಂವ ನಿದ್ದಿ ಹೊಡದು ನೌಕರಿ ಕಳಕೊಂಡಾನ್ರಿ.”

ಅನ್ವಿಯನ್ನು ಕರೆದೆ. ಕಾಕಾ ಮಲಗಿದ್ದನ್ನು ನೋಡಿದ್ದೀಯಾ?

“ಇಲ್ಲ ಆಂಟಿ. ಆದ್ರೆ ‘ಎಚ್ಚರ’ ಅನ್ನೋದು ‘ಕ’ದಿಂದ ಸ್ಟಾರ್ಟ್ ಆಗಲ್ವಲ್ಲ!”

ನಿಯಮದ ಪ್ರಕಾರ ಸರಿ. ನಿಯಮ ಹೇಳಿಕೊಟ್ಟವಳು ನಾನು.

ಶರಣಪ್ಪನವರಿಗೆ ತಡೆಯಲಾಗಲಿಲ್ಲ. “ಏ ಅವ್ವಿ, ಹನ್ನೆರಡು ತಾಸು ಕಣ್ಣಾಗ ಕಣ್ಣಿಟ್ಟು ಕಾಯ್ತೀನವಾ ನಾ!”

ಅನ್ವಿ ಬೆರಳು ಮಡಚಿ ಎಣಿಸತೊಡಗಿದಳು. “ಕಾಕಾ, ಇನ್ನೊಂದ್ಸಲ ಹೇಳಿ! ಪ್ಲೀಸ್!”

ಎರಡೇ ನಿಮಿಷ. ಹಳೆಯ ಹಾಳೆ ಇಳಿಯಿತು, ಹೊಸದು ಏರಿತು: “ಕಾವಲಿನ ಕಾಕಾ ಕಟ್ಟಡವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ.” ಒಂದು ‘ಕ’ ಕಡಿಮೆ. ಶರಣಪ್ಪ ಎರಡು ಸಲ ಓದಿ ಟೊಪ್ಪಿಗೆ ಹಾಕಿಕೊಂಡರು.

ಅಷ್ಟರಲ್ಲಿ ಸೂಪರ್‌ವೈಸರ್ ಬಂದೇ ಬಿಟ್ಟರು. ಬೋರ್ಡಿನ ಮುಂದೆ ನಿಂತರು. ತುಟಿ ಅಲ್ಲಾಡಿಸುತ್ತಾ ನಿಧಾನಕ್ಕೆ ಓದಿದರು. ಶರಣಪ್ಪ ಅಟೆನ್ಷನ್‌ನಲ್ಲಿ.

“ಛಲೋ ಬರದೀಯಲ್ಲವಾ! ಯಾರು ಹೇಳಿಕೊಟ್ರು?”

“ಕಾಕಾನೇ!” ಎಂದಳು ಅನ್ವಿ, ಹೆಮ್ಮೆಯಿಂದ.

“ಅಲಲಲ ಶರಣಪ್ಪಾ! ನಿನ್ನ ಸರ್ಟಿಫಿಕೇಟ್ ನೀನಽ ಬರಸ್ಕೊಂಡಿ ಏನೋ?” ನಗುತ್ತಾ ಹಿಂದಿನ ಗೇಟಿನ ಕಡೆ ನಡೆದರು.

ನೌಕರಿ ಉಳಿಯಿತು. ಆದರೆ ಸುಳ್ಳು ಅದೇ ಬೋರ್ಡಿನಲ್ಲಿ ಒಂದು ವಾರ ನೇತಾಡುತ್ತಿದ್ದಾಗ, ಅದನ್ನು ಯಾರು ಹೇಳಿಕೊಟ್ಟರೆಂದು ಒಬ್ಬರಾದರೂ ಕೇಳಿದರೇ?