ಗುಂಡ್ಲುಪೇಟೆಯನ್ನು ಹೊರಗಿಟ್ಟ ದಿನ

ಗುಂಡ್ಲುಪೇಟೆ ಕಾಲೇಜನ್ನು ಹೊಸ ಕ್ರೀಡಾ ವಲಯದಿಂದ ಹೊರಗಿಟ್ಟವಳು ನಾನು. ವಿಶ್ವವಿದ್ಯಾಲಯವಲ್ಲ, ಸಮಿತಿಯಲ್ಲ — ನಾನು. ಅದಕ್ಕೆ ಒಂದು ಮಾತು ಸಾಕಾಯಿತು. ಆ ಮಾತು ಸುಳ್ಳಾಗಿತ್ತು, ಅದನ್ನು ಆಡೆಂದು ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಚಾಮರಾಜನಗರದ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಿದ್ದೆ. ಕೆಲಸ ಕಾಯಂ ಆಗಿರಲಿಲ್ಲ. ಆಗ ನಮ್ಮಂಥ ತಾಲ್ಲೂಕು ಕಾಲೇಜುಗಳೆಲ್ಲ ಮೈಸೂರು ವಲಯಕ್ಕೆ ಸೇರಿದ್ದವು. ವರ್ಷಕ್ಕೊಮ್ಮೆ ಬಸ್ಸು ಹತ್ತಿ ಹೋಗುವುದು, ನಗರದ ದೊಡ್ಡ ಕಾಲೇಜುಗಳ ಎದುರು ಮೊದಲ ಸುತ್ತಿನಲ್ಲೇ ಸೋಲುವುದು, ಮೈದಾನದ ಮೂಲೆಯಲ್ಲಿ ಚಿತ್ರಾನ್ನದ ಪೊಟ್ಟಣ ಬಿಚ್ಚಿ ತಿಂದು ವಾಪಸ್ಸಾಗುವುದು. ವಲಯದಲ್ಲಿ ಗೆದ್ದ ತಂಡಕ್ಕೆ ಮಾತ್ರ ಮುಂದಿನ ಪಂದ್ಯಗಳು. ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಆರಿಸುತ್ತಿದ್ದುದು ಆ ಪಂದ್ಯಗಳಲ್ಲೇ. ನಮ್ಮ ಹುಡುಗಿಯರು ಅಲ್ಲಿಯ ತನಕ ಹೋಗುತ್ತಲೇ ಇರಲಿಲ್ಲ.

ಇದು ಬದಲಾಗಬೇಕು, ನಮಗೆ ನಮ್ಮದೇ ವಲಯ ಬೇಕು ಎಂದು ಮೊದಲು ಬಾಯಿಬಿಟ್ಟು ಹೇಳಿದವರು ಗುಂಡ್ಲುಪೇಟೆ ಕಾಲೇಜಿನ ಸಿದ್ದರಾಜು ಮೇಷ್ಟ್ರು. ಅವರಂಥ ಮನುಷ್ಯರನ್ನು ನಾನು ಹೆಚ್ಚು ಕಂಡಿಲ್ಲ. ಕೊಳ್ಳೇಗಾಲ, ಯಳಂದೂರು, ಹನೂರು ಎನ್ನದೆ ಒಂದೊಂದು ಕಾಲೇಜಿಗೂ ಹೋಗಿ ಪ್ರಿನ್ಸಿಪಾಲರನ್ನು ಕಂಡು ಒಪ್ಪಿಸಿದರು. ಖೋ-ಖೋ ಅಂಕಣಕ್ಕೆ ಸುಣ್ಣದ ಗೆರೆ ಹಾಕುವುದನ್ನೂ, ಶಿಳ್ಳೆ ಊದಿದ ಮೇಲೆ ತೀರ್ಪು ಬದಲಿಸದೆ ನಿಲ್ಲುವುದನ್ನೂ ನನಗೆ ಕಲಿಸಿದವರು ಅವರೇ. ಒಮ್ಮೆ ಪಂದ್ಯದ ಬೆಳಿಗ್ಗೆ ನಮ್ಮ ಕಂಬ ಸೀಳುಬಿಟ್ಟಿದ್ದಾಗ ತಮ್ಮ ಕಾಲೇಜಿನ ಕಂಬವನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದು ನೆಟ್ಟಿದ್ದರು. ಆ ದಿನ ನಮ್ಮ ಎದುರಾಳಿಗಳು ಅವರದೇ ಹುಡುಗಿಯರು!

ಆ ತಂಡದ ನಾಯಕಿ ಮಾದೇವಿ. ಗೋಪಾಲಸ್ವಾಮಿ ಬೆಟ್ಟದ ಬುಡದ ಒಂದು ಹಳ್ಳಿಯವಳು, ಕೂಲಿ ಮಾಡುವವರ ಮಗಳು. ಅವಳು ಓಡುವುದನ್ನು ಹೇಗೆ ಹೇಳಲಿ... ಅಟ್ಟಿಸಿಕೊಂಡು ಬಂದವಳ ಕೈ ಇನ್ನೇನು ಬೆನ್ನಿಗೆ ತಾಗಿತು ಎನ್ನುವಾಗ ನಡುವನ್ನು ಒಂದಿಷ್ಟು ತಿರುಗಿಸಿ ನುಸುಳಿಬಿಡುತ್ತಿದ್ದಳು. ಸೋತ ತಂಡದವರೂ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದ್ದೇನೆ. ತಟ್ಟುತ್ತಲೇ ಒಳಗೆ ಹೆದರಿದ್ದೇನೆ.

ನಮ್ಮ ಊರು ಜಿಲ್ಲೆಯಾಯಿತು. ಹೊಸ ಜಿಲ್ಲೆಯ ಕಾಲೇಜುಗಳಿಗೆ ಹೊಸ ವಲಯ ಮಾಡುವ ಮಾತು ಕೊನೆಗೂ ಸಮಿತಿಯ ಮುಂದೆ ಬಂತು. ಸಭೆ ಮೈಸೂರಿನಲ್ಲಿ. ಅದರ ಹಿಂದಿನ ದಿನ ಸಿದ್ದರಾಜು ಮೇಷ್ಟ್ರು ನಮ್ಮ ಕಾಲೇಜಿಗೇ ಬಂದರು. ಮುಖ ಸಪ್ಪಗಿತ್ತು.

"ನಾಳೆ ಮೀಟಿಂಗಿಗೆ ನಾನ್ ಬರಕ್ಕಾಗಕಿಲ್ಲ ಮೇಡಂ. ಮಾದೇವಿ ಅಪ್ಪ, ಓದಿದ್ದು ಸಾಕು, ಮದ್ವೆ ಮಾಡ್ಬುಡ್ತೀನಿ ಅಂತ ಕುಂತವ್ನೆ. ನಾಳೆ ಗಂಡಿನ ಕಡೆಯೋರು ಬತ್ತಾರಂತೆ. ಅವ್ರು ಬರೋಕ್ಮುಂಚೆ ನಾನ್ ಅಲ್ಲಿರ್ಬೇಕು. ನನ್ನ ಮಾತೂ ನೀವೇ ಏಳ್ಬುಡಿ."

"ಆಯ್ತು ಮೇಷ್ಟ್ರೇ, ನಾನು ಹೇಳ್ತೀನಿ," ಎಂದೆ. ಆ ಕ್ಷಣ ನಿಜವಾಗಿಯೂ ಹೇಳುವವಳೇ ಇದ್ದೆ.

ಮರುದಿನ ಬಸ್ಸಿನಲ್ಲಿ ಕೂತಾಗ ನಮ್ಮ ಪ್ರಿನ್ಸಿಪಾಲರ ಮಾತು ತಲೆಯಲ್ಲಿ ಸುತ್ತುತ್ತಿತ್ತು — ಹೊಸ ವಲಯದ ಮೊದಲ ಕಪ್ಪು ಜಿಲ್ಲಾ ಕೇಂದ್ರಕ್ಕೇ ಬರಬೇಕು, ಬಂದರೆ ನಿಮ್ಮ ಕೆಲಸದ ವಿಷಯ ಮೇಲಿನವರ ಹತ್ತಿರ ನಾನು ಮಾತಾಡುತ್ತೇನೆ ಎಂದಿದ್ದರು. ಆದರೆ ಕೆಲಸದ ಆಸೆಯನ್ನು ಇಲ್ಲಿ ಮುಂದೆ ಮಾಡಿದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ನನ್ನ ಹುಡುಗಿಯರು — ಹೆಚ್ಚಿನವರು ನಮ್ಮೂರ ಹತ್ತಿರದ ಉಡಿಗಾಲದ ಕಡೆಯವರು — ಮಾದೇವಿ ಇಲ್ಲದ ಅಂಕಣದಲ್ಲಿ ಗೆಲ್ಲುತ್ತಾರೆ, ಇದ್ದರೆ ಗೆಲ್ಲುವುದಿಲ್ಲ. ಅಷ್ಟೇ ಇದ್ದದ್ದು.

ಅಧ್ಯಕ್ಷರು ಒಂದೊಂದೇ ಕಾಲೇಜಿನ ಹೆಸರು ಕೂಗಿ ಹೊಸ ವಲಯಕ್ಕೆ ಸೇರಿಸುತ್ತ ಬಂದರು. "ಗುಂಡ್ಲುಪೇಟೆಯವರು ಬಂದಿಲ್ವಲ್ಲ?" ಎಂದರು.

ನಾನು ಎದ್ದು ನಿಂತೆ. "ಅವರು ಮೈಸೂರು ವಲಯದಲ್ಲೇ ಇರ್ತಾರಂತೆ ಸರ್. ನೇರ ಬಸ್ಸಿದೆ, ಅದೇ ಅನುಕೂಲ ಅಂತ ನನ್ನ ಹತ್ರ ಹೇಳಿ ಕಳಿಸಿದ್ದಾರೆ."

"ಅವರಿಗೇ ಹಾಗೆ ಬೇಕಿದ್ರೆ ಸರಿ," ಎಂದು ಅವರು ಮುಂದಿನ ಹೆಸರಿಗೆ ಹೋದರು.

ನನ್ನ ಧ್ವನಿ ನಡುಗಲಿಲ್ಲ. ಇದು ಇಂದಿಗೂ ನನ್ನನ್ನು ಕಾಡುತ್ತದೆ — ಒಂದಿಷ್ಟಾದರೂ ನಡುಗಬಾರದಿತ್ತೆ?

ಅದೇ ಹೊತ್ತಿನಲ್ಲಿ ಬೆಟ್ಟದ ಬುಡದ ಆ ಮನೆಯ ಜಗಲಿಯಲ್ಲಿ ಕೂತು ಮೇಷ್ಟ್ರು ಮಾದೇವಿಯ ಅಪ್ಪನಿಗೆ ಮಾತು ಕೊಡುತ್ತಿದ್ದರು: "ಇನ್ಮೇಲೆ ಆಟ ಎಲ್ಲಾ ಚಾಮರಾಜನಗರದಲ್ಲೇ ಕಣಪ್ಪ. ಮೈಸೂರ್ಗೋಗಿ ಉಳಿಯೋದಿಲ್ಲ. ದಿನಾ ನಿನ್ನ ಮಗಳ್ನ ತಂದು ಮನೆಗ್ ಬುಡ್ತೀನಿ." ಈ ಮಾತನ್ನು ಅವರು ಆಮೇಲೆ ಸಂತೋಷದಿಂದ ನನಗೆ ಹೇಳಿದರು. ಅಪ್ಪ ಒಪ್ಪಿದ್ದ. ಗಂಡಿನ ಕಡೆಯವರನ್ನು ವಾಪಸ್ಸು ಕಳಿಸಿದ್ದ. ಓದು ಮುಗಿಯಲು ಇದ್ದದ್ದು ಅದೊಂದೇ ವರ್ಷ.

ನಾನು ನೆಲ ನೋಡುತ್ತ ಎರಡನೆಯ ಸುಳ್ಳು ಹೇಳಿದೆ. "ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ ಮೇಷ್ಟ್ರೇ. ನಿಮ್ಮನ್ನ ಹೊರಗಿಟ್ರು."

ಅವರು ನನ್ನನ್ನೇ ಸಮಾಧಾನ ಮಾಡಿದರು. "ಬುಡಿ ಮೇಡಂ, ನೀವೊಬ್ರೇ ಏನ್ ಮಾಡೀರಿ ಪಾಪ. ಮುಂದಿನ್ ವರ್ಸ ನಾನೇ ಓಗಿ ಕೇಳ್ತೀನಿ."

ಅವರು ಮಾದೇವಿಯ ಅಪ್ಪನಿಗೆ ಕೊಟ್ಟ ಮಾತು ತಪ್ಪಲಿಲ್ಲ. ಆ ವರ್ಷ ಮೈಸೂರು ವಲಯದ ಖೋ-ಖೋ ಪಂದ್ಯಗಳು ಮೂರು ದಿನ ನಡೆದವು. ಬೇರೆ ತಂಡಗಳು ಅಲ್ಲೇ ಉಳಿದು, ಉಂಡು, ಮಲಗಿ ಆಡಿದವು. ಗುಂಡ್ಲುಪೇಟೆಯ ಹುಡುಗಿಯರನ್ನು ಮೇಷ್ಟ್ರು ದಿನವೂ ಮೊದಲ ಬಸ್ಸಿಗೆ ಕರೆತಂದರು, ದಿನವೂ ವಾಪಸ್ಸು ಕರೆದೊಯ್ದರು. ಗುಂಡ್ಲುಪೇಟೆಯಲ್ಲಿ ಇಳಿದ ಮೇಲೆ ಮಾದೇವಿಯನ್ನು ಆನೆ ತಿರುಗುವ ಆ ರಸ್ತೆಯಲ್ಲಿ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮನೆಗೆ ಬಿಟ್ಟು ಬಂದರು. ಹಾಗೆ ದಿನವೂ ಹೋಗಿ ಬಂದು ಆಡಿದ ಆ ಹುಡುಗಿಯರು ನಗರದ ಹೆಸರಾಂತ ಕಾಲೇಜುಗಳನ್ನು ಸೋಲಿಸಿ ಫೈನಲ್ಲಿಗೆ ಬಂದರು. ನಮ್ಮ ಕಡೆಯ ಯಾವ ತಂಡವೂ ಅಲ್ಲಿಯವರೆಗೆ ಹೋಗಿದ್ದಿಲ್ಲ.

ಫೈನಲ್ ನೋಡಲು ನಾನೂ ಹೋದೆ. ಗುಂಪಿನ ಹಿಂದೆ ನಿಂತೆ. ಮಾದೇವಿ ಆಡಿದ್ದು — ಮೈದಾನವೆಲ್ಲ ಅವಳ ಹೆಸರು ಕೂಗುತ್ತಿತ್ತು. ಕೊನೆಯ ಹಂತದಲ್ಲಿ ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗಿ ಇನ್ನೇನು ಮುಟ್ಟಬೇಕು, ಮೂರು ದಿನ ನಿದ್ದೆಗೆಟ್ಟು ಓಡಾಡಿದ್ದ ಅವಳ ಕಾಲಿನ ಮೀನಖಂಡ ಹಿಡಿದುಕೊಂಡಿತು. ಬಿದ್ದಳು. ಎದ್ದು ಕುಂಟುತ್ತ ಓಡಿದಳು. ಮತ್ತೆ ಬಿದ್ದಳು. ಒಂದೇ ಅಂಕದಲ್ಲಿ ಸೋತರು. ಮೇಷ್ಟ್ರು ಓಡಿ ಹೋಗಿ ಅವಳ ಕಾಲು ನೀವುತ್ತ "ಅಳ್ಬೇಡ ಕಣಮ್ಮಿ, ಏನಾಗ್ನಿಲ್ಲ ಬುಡು" ಎನ್ನುತ್ತಿದ್ದರು. ಅವರೇ ಅಳುತ್ತಿದ್ದರು.

ಹೊಸ ವಲಯದ ಮೊದಲ ಕಪ್ಪು ನನ್ನ ತಂಡಕ್ಕೆ ಬಂತು. ಮುಂದಿನ ಸುತ್ತಿನಲ್ಲಿ ನಮ್ಮವರು ಹೀನಾಯವಾಗಿ ಸೋತರು. ಅಂದೂ ಮೇಷ್ಟ್ರು ಬಂದು ನಮ್ಮ ಹುಡುಗಿಯರಿಗಾಗಿ ಗಂಟಲು ಕಟ್ಟುವಂತೆ ಕೂಗಿದರು. ನನ್ನ ಕೆಲಸ ಕಾಯಂ ಆಯಿತು. ಮಾರನೆಯ ವರ್ಷ ಮೇಷ್ಟ್ರು ತಾವೇ ಹೋಗಿ ಕೇಳಿದರು, ಗುಂಡ್ಲುಪೇಟೆ ನಮ್ಮ ವಲಯಕ್ಕೆ ಬಂತು. ಅಷ್ಟರಲ್ಲಿ ಮಾದೇವಿಯ ಓದು ಮುಗಿದಿತ್ತು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದರೆ ಆಟದ ಮೇಷ್ಟ್ರಾಗುವ ತರಬೇತಿಗೆ ಅವಳಿಗೆ ಸೀಟು ಸಿಗುತ್ತಿತ್ತು. ಸಿಗಲಿಲ್ಲ. ಅವಳನ್ನು ಹರವೆ ಎಂಬ ಊರಿಗೆ ಮದುವೆ ಮಾಡಿಕೊಟ್ಟರು.

ಹೋದ ತಿಂಗಳು ಗುಂಡ್ಲುಪೇಟೆಗೆ ಹೋಗಿ, ಈಗ ವಯಸ್ಸಾಗಿರುವ ಸಿದ್ದರಾಜು ಮೇಷ್ಟ್ರ ಎದುರು ಕೂತು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಈ ಸಲ ಸಮಾಧಾನವನ್ನೂ ಮಾಡಲಿಲ್ಲ. "ನಂಗೇಳಿ ಏನ್ ಬಂತು. ಅವ್ಳಿಗೇಳಿ," ಎಂದು ಎದ್ದು ಒಳಗೆ ಹೋದರು.

ಹರವೆಯಲ್ಲಿ ಮಾದೇವಿ ಅಂಗನವಾಡಿ ನಡೆಸುತ್ತಾಳೆ. ನಾನು ಹೋದಾಗ ಮಕ್ಕಳು ಮನೆಗೆ ಹೋಗಿದ್ದರು, ಅವಳು ಚಾಪೆ ಸುತ್ತುತ್ತಿದ್ದಳು. ನಿಂತೇ ಹೇಳಿದೆ. ಅವಳು ಚಾಪೆಯನ್ನು ಗೋಡೆಗೆ ಒರಗಿಸಿ ಬಾಗಿಲ ಹೊರಗೆ ನೋಡುತ್ತ ನಿಂತಳು.

"ಮೇಷ್ಟ್ರು ಅಷ್ಟೆಲ್ಲಾ ಮಾಡುದ್ರೂ ನನ್ನ ಕಾಲೇ ಕೈಕೊಟ್ಬುಡ್ತಲ್ಲ ಅಂತ ಇವತ್ತಿನ್ಗಂಟ ಅನ್ಕತಿದ್ದೆ ಮೇಡಂ," ಎಂದಳು. "ಅವ್ರ ಮುಖ ನೋಡಕ್ಕಾಗ್ದೆ ಗುಂಡ್ಲುಪೇಟೆ ಕಡೆ ಓಗೋದ್ನೇ ಬುಟ್ಬುಟ್ಟೆ."

ಕಪ್ಪು, ಸೀಟು — ನಾನು ಕಿತ್ತುಕೊಂಡದ್ದು ಇಷ್ಟೇ ಎಂದುಕೊಂಡಿದ್ದೆ. ಇದೊಂದು ನನಗೆ ಗೊತ್ತೇ ಇರಲಿಲ್ಲ. ಕ್ಷಮಿಸು ಎಂದು ಕೇಳಲು ಹೋದವಳು ಕೇಳಲಿಲ್ಲ.

ಆಮೇಲೆ ಅವಳೇ ತಿರುಗಿದಳು. "ಅವತ್ತು ನೀವೂ ಅಲ್ಲಿದ್ರಿ ಅಂದ್ರಲ್ಲ. ನಿಜ ಏಳಿ. ನಾನು ಚೆನ್ನಾಗ್ ಓಡಿದ್ನಾ?"

"ನಿನ್ನ ಹಾಗೆ ಓಡಿದವಳನ್ನ ನಾನು ಇನ್ನೊಬ್ಬಳನ್ನ ನೋಡಿಲ್ಲ," ಎಂದೆ. "ಅದಕ್ಕೇ ಹೆದರಿದ್ದು."

ಅವಳು ಬಾಗಿಲಿಗೆ ಬೀಗ ಹಾಕಿ, ನನ್ನ ಕಡೆ ನೋಡದೆ, ಗುಂಡ್ಲುಪೇಟೆ ಕಡೆಯ ಬಸ್ಸು ನಿಲ್ಲುವ ಜಾಗಕ್ಕೆ ಬಿರಬಿರನೆ ನಡೆದಳು.