ಡಿವಿಡಿ ಬರ್ನರ್ ಕೊಟ್ಟವರು

ಮೊನ್ನೆ ಶಾಲೆಯ ಪ್ರಯೋಗಾಲಯದ ಡಬ್ಬಿಗಳಿಗೆ ಹೆಸರು ಬರೆಯಲೆಂದು ಹೊಸ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೊಪ್ಪಳದ ಒಂದು ಇಕ್ಕಟ್ಟಾದ ಅಂಗಡಿ ಕಣ್ಣ ಮುಂದೆ ಬಂತು. ಅಲ್ಲಿ ಒಬ್ಬರು ಇಂಥದೇ ಪೆನ್ನಿನಿಂದ ಡಿವಿಡಿಯ ಮೇಲೆ ‘ಹತ್ತನೇ ವಿಜ್ಞಾನ’ ಎಂದು ದುಂಡಗೆ ಬರೆದು, ಒಣಗಲೆಂದು ಊದುತ್ತ ಕೂತಿದ್ದರು...

ಆಗ ನಾನು ಯಲಬುರ್ಗಾ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಗೌರವಧನ ಬಂದಾಗ ಬಂತು. ಆ ವರ್ಷ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಟ್ರ್ಯಾಕ್ಟರಿನಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಆಪರೇಷನ್ ಆಗಿ ಮನೆಗೆ ಬಂದರೂ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ನೋಡಲು ಹೋದಾಗ ಅವಳು ಕೇಳಿದ್ದು ಒಂದೇ ಮಾತು: “ಅಕ್ಕೋರ, ನಾ ಈ ಸಲ ಪರೀಕ್ಷಾ ಬರೀಬಹುದೇನ್ರಿ?”

ಅವರ ಮನೆಯಲ್ಲಿ ಟಿವಿ ಇತ್ತು. ಅದರ ಕೆಳಗೊಂದು ಹಳೆಯ ಡಿವಿಡಿ ಪ್ಲೇಯರ್. ಅದನ್ನು ನೋಡುತ್ತ, ಖಂಡಿತ ಬರೆಯುತ್ತೀ ಎಂದುಬಿಟ್ಟೆ.

ಸಹೋದ್ಯೋಗಿಯೊಬ್ಬರ ಕ್ಯಾಮೆರಾ ಕೇಳಿ ತಂದು ಪಾಠಗಳನ್ನು ಚಿತ್ರೀಕರಿಸಿದೆ. ಆದರೆ ನನ್ನ ಮನೆಯ ಕಂಪ್ಯೂಟರ್ ಡಿವಿಡಿಯನ್ನು ಓದುತ್ತಿತ್ತೇ ಹೊರತು ಬರೆಯುತ್ತಿರಲಿಲ್ಲ. ಅದಕ್ಕೆ ಬರ್ನರ್ ಬೇಕು. ನನ್ನ ಹತ್ತಿರ ಇದ್ದದ್ದು ಒಂದು ಸಾವಿರ. ಕೊಪ್ಪಳದ ದೊಡ್ಡ ಅಂಗಡಿಯೊಂದರಲ್ಲಿ ಹೊರಗಿನಿಂದ ಜೋಡಿಸುವಂಥ ಬರ್ನರ್ ತೋರಿಸಿದರು. ಬೆಲೆ ಕೇಳಿ ಸುಮ್ಮನೆ ಹೊರಗೆ ಬಂದೆ. ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಆ ಇಕ್ಕಟ್ಟಾದ ಕಂಪ್ಯೂಟರ್ ರಿಪೇರಿ ಅಂಗಡಿ ಕಂಡದ್ದು ಆಗ.

ಅಂಗಡಿಯವರು ಐವತ್ತರ ಆಸುಪಾಸಿನವರು, ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದರು. ಯಾಕೆ ಬೇಕು, ಯಾರಿಗೆ ಬೇಕು ಎಂದೆಲ್ಲ ಕೇಳಿ, ಕಂಪ್ಯೂಟರಿನ ಒಳಗಿರುವ ಕೇಬಲ್ ಅಗಲ ಪಟ್ಟಿಯಂಥದೋ ಸಣ್ಣದೋ ಎಂದರು. ನನಗೆ ಗೊತ್ತಿರಲಿಲ್ಲ. ಅವರು ಮಾರಲು ಒಪ್ಪಲಿಲ್ಲ.

“ಇವತ್ತ ಒಯ್ಯಬ್ಯಾಡ್ರಿ ಅಕ್ಕೋರ. ಕಂಪ್ಯೂಟರ್ ಡಬ್ಬಿ ಬಿಚ್ಚಿ ಕೇಬಲ್ ನೋಡ್ಕೊಂಡು ಬರ್ರಿ. ಬರುವಾಗ ಆ ಹುಡುಗಿ ಮನಿ ಪ್ಲೇಯರ್ನೂ ತರ್ರಿ.”

ಇನ್ನೊಮ್ಮೆ ಬಸ್ಸು, ಇನ್ನೊಂದು ವಾರ... ಸಿಟ್ಟೇ ಬಂದಿತ್ತು. ಆದರೂ ಮುಂದಿನ ಭಾನುವಾರ ಪ್ಲೇಯರನ್ನು ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋದೆ. ನನ್ನದು ಅಗಲ ಪಟ್ಟಿಯ ಕೇಬಲ್. ಹೊಸ ಬರ್ನರುಗಳಿಗೆಲ್ಲ ಸಣ್ಣ ಕೇಬಲ್ಲೇ ಬೇಕಂತೆ. ಹಾಗೇ ಕೊಂಡೊಯ್ದಿದ್ದರೆ ಆ ದುಡ್ಡು ನೀರಿಗೆ ಹೋಗುತ್ತಿತ್ತು. ಅವರು ತಮ್ಮ ಮೇಜಿನ ಕಂಪ್ಯೂಟರನ್ನೇ ಬಿಚ್ಚಿ ಅದರ ಅಗಲ ಪಟ್ಟಿಯ ಹಳೆಯ ಬರ್ನರನ್ನು ಹೊರತೆಗೆದರು. ಐದುನೂರು ತೆಗೆದುಕೊಂಡು, ಉಳಿದದ್ದರಲ್ಲಿ ಒಳ್ಳೆಯ ಖಾಲಿ ಡಿವಿಡಿ ಕೊಳ್ಳಲು ಹೇಳಿದರು. ನಿಮ್ಮ ಕೆಲಸಕ್ಕೆ ಏನು ಮಾಡುತ್ತೀರಿ ಎಂದರೆ, ಹೇಗೋ ನಡೆಯುತ್ತದೆ ಎಂದು ನಕ್ಕರು.

ಒಪ್ಪಿಸುವ ಮೊದಲು ಬರ್ನರನ್ನು ಮತ್ತೆ ಕೇಬಲ್ಲಿಗೆ ಸಿಕ್ಕಿಸಿ, ನಾನು ಪೆನ್ ಡ್ರೈವಿನಲ್ಲಿ ಒಯ್ದಿದ್ದ ಒಂದು ಪಾಠವನ್ನು ಅಲ್ಲೇ ಬರೆದು ನೋಡಿದರು. ಮೊದಲ ಡಿವಿಡಿ ಹಾಕಿದಾಗ ಹುಡುಗಿಯ ಪ್ಲೇಯರ್ ಗುರುಗುಟ್ಟಿತು, ಅಂಗಡಿಯ ಟಿವಿ ಪರದೆ ಕಪ್ಪಾಗಿಯೇ ಉಳಿಯಿತು. ಹಳೆಯ ಪ್ಲೇಯರಿಗೆ ನಿಧಾನವಾಗಿ ಬರೆದುಕೊಡಬೇಕು ಎಂದು ಅವರು ವೇಗ ಇಳಿಸಿ ಇನ್ನೊಂದು ಬರೆದರು. ಈ ಸಲ ನನ್ನ ಕೈ ಬೋರ್ಡಿನ ಮೇಲೆ ವಿದ್ಯುತ್ ಮಂಡಲ ಬಿಡಿಸುವುದು ಕಾಣಿಸಿತು. ಗಿರಾಕಿಗಳನ್ನು ನಿಲ್ಲಿಸಿಕೊಂಡೇ ಅವರು ಪಾಠ ಪೂರ್ತಿ ನೋಡಿದರು. ಆಮೇಲೆ ಸಂಕೋಚದಿಂದ ಹೇಳಿದರು: “ತಪ್ಪು ತಿಳಿಬ್ಯಾಡ್ರಿ. ಅಮ್ಮೀಟರ್ ಬಲ್ಬಿನ ಬಾಜೂಕ, ಸಮಾಂತರ ಹಚ್ಚೀರಿ. ಹಂಗ ಹಚ್ಚಿದ್ರ ಅದು ಸುಟ್ಟು ಹೋಗ್ತೈತ್ರಿ.”

ಮುಖ ಕೆಂಪಾಯಿತು. ಅವರು ನಗಲಿಲ್ಲ. ಒಂದು ಬಲ್ಬು, ಒಂದು ಮೀಟರು, ಎರಡು ತುಂಡು ವೈರು ತಂದು, ಕರೆಂಟು ಬಲ್ಬನ್ನೂ ಮೀಟರನ್ನೂ ಒಂದಾದ ಮೇಲೊಂದು ಹಾಯ್ದು ಹೋಗುವಂತೆ ಜೋಡಿಸಿ ತೋರಿಸಿದರು. ಮನೆಗೆ ಬಂದು ಆ ಪಾಠವನ್ನು ಮತ್ತೆ ಚಿತ್ರೀಕರಿಸಿದೆ.

ಹುಡುಗಿಯ ಅಪ್ಪ ವಾರವಾರ ಬಂದು ಡಿವಿಡಿ ಒಯ್ಯುತ್ತಿದ್ದ. ಅವಳು ವಾಕರ್ ಹಿಡಿದು ಪರೀಕ್ಷೆಗೆ ಹೋದಳು, ಪಾಸಾದಳು. ಈಗ ಗಂಗಾವತಿಯಲ್ಲಿ ಔಷಧದಂಗಡಿ ನಡೆಸುತ್ತಾಳೆ. ನನಗೂ ಕುಷ್ಟಗಿಯಲ್ಲಿ ಕಾಯಂ ನೌಕರಿಯಾಯಿತು. ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಸಲ ಇಳಿದಿಲ್ಲ, ಎಷ್ಟು ಸಲ ಹತ್ತಿಲ್ಲ... ಆ ಓಣಿಗೆ ಮಾತ್ರ ಕಾಲಿಡಲಿಲ್ಲ.

ಮಾರ್ಕರಿನ ಘಾಟು ನೆನಪಿಸಿದ ಮೇಲೆ, ಆ ಶನಿವಾರವೇ ಹೋದೆ. ಅಂಗಡಿಯಲ್ಲಿ ಅವರ ಹೆಂಡತಿ ರವಿಕೆ ಹೊಲಿಯುತ್ತಿದ್ದರು. ಯಜಮಾನರು ತೀರಿಹೋಗಿ ಎರಡು ವರ್ಷವಾಯಿತಂತೆ. ಬರ್ನರಿನ ಕಥೆ, ಹುಡುಗಿಯ ಕಥೆ ಎಲ್ಲ ಹೇಳಿದೆ. ಆಕೆ ಮಷಿನ್ ನಿಲ್ಲಿಸಿ ಎಲ್ಲ ಕೇಳಿಸಿಕೊಂಡರು.

“ಏನರ ಕೆಟ್ಟಾಗಷ್ಟ ಬರ್ತಿದ್ರು ಮಂದಿ. ನೆಟ್ಟಗ ನಡದೈತಿ ಅಂತ ಹೇಳಾಕ ಬಂದವ್ರು ನೀವ ಮೊದಲ್ನೇವ್ರು ನೋಡ್ರಿ,” ಎಂದರು. ರವಿಕೆಯ ದಾರ ಕತ್ತರಿಸುತ್ತ, “ಅವ್ರು ಇದ್ದಾಗ ಬಂದಿದ್ರ ಭಾಳ ಖುಷಿಪಡ್ತಿದ್ರು.”

ಅವರು ಕೊಟ್ಟ ಬರ್ನರ್ ಒಂದು ದಿನವೂ ಕೆಡಲಿಲ್ಲ. ಅದಕ್ಕೇ ನಾನು ಒಮ್ಮೆಯೂ ಹೋಗಿರಲಿಲ್ಲ.