ಅಮುಕು ದೇವರಾಜ್ ಕೈ ಸಡಿಲಿಸಿದ್ದು

ಚನ್ನಪಟ್ಟಣದ ಬೋರ್ ಲಾರಿ ಆಪರೇಟರ್ ದೇವರಾಜನಿಗೆ ಸುತ್ತಲ ಹಳ್ಳಿಯವರು ಇಟ್ಟ ಹೆಸರು ಅಮುಕು ದೇವರಾಜ್. ಯಾವ ಕೆಲಸವೇ ಇರಲಿ, ಇನ್ನೊಂದಿಷ್ಟು ಅಮುಕಿದರೆ ಬೇಗ ಆಗುತ್ತದೆ ಎಂಬುದು ಅವನ ನಂಬಿಕೆ. ಅವನು ಮುಚ್ಚಿಟ್ಟ ಉಪ್ಪಿನಕಾಯಿ ಡಬ್ಬಿ ತೆಗೆಯಲು ಹೆಂಡತಿ ಮಮತಾ ಪಕ್ಕದ ಮನೆಯವರನ್ನು ಕರೆಯಬೇಕಿತ್ತು. ಕಲ್ಲು ಕೊರೆಯುವಾಗಲಂತೂ ಒತ್ತಡದ ಲಿವರ್ ತುದಿ ಮುಟ್ಟದಿದ್ದರೆ ಅವನಿಗೆ ದುಡಿದಂತೆಯೇ ಅನಿಸುತ್ತಿರಲಿಲ್ಲ.

ಕಳೆದ ಬೇಸಿಗೆ ಕೈಲಾಂಚದಲ್ಲಿ ಚಿಕ್ಕಹನುಮಯ್ಯನ ಹಿಪ್ಪುನೇರಳೆ ತೋಟಕ್ಕೆ ಬೋರ್ ಕೊರೆಯುವಾಗ, ಲಾರಿ ಮಾಲೀಕರ ಒಪ್ಪಿಗೆ ಪಡೆದು ಭಾನುಪ್ರಿಯ ಎಂಬ ಸಂಶೋಧಕಿ ಬಂದಳು. ಭೂಮಿಯ ಆಳದ ಬಿಸಿಯಿಂದ ಕರೆಂಟ್ ತೆಗೆಯುವ ಬಾವಿಗಳ ಬಗ್ಗೆ ಅವಳ ಅಧ್ಯಯನ. ಅಂಥ ಬಾವಿ ಮೈಲಿಗಟ್ಟಲೆ ಗಟ್ಟಿ ಕಲ್ಲಿನಲ್ಲಿ ಇಳಿಯಬೇಕು. ಒತ್ತಡ, ತಿರುಗುವ ವೇಗ, ಕಲ್ಲುಪುಡಿಯನ್ನು ಮೇಲಕ್ಕೆ ಊದುವ ಗಾಳಿ ಬದಲಾದರೆ ಕೊರೆತದ ವೇಗ ಹೇಗೆ ಬದಲಾಗುತ್ತದೆಂದು ಅವಳು ಇಲ್ಲಿನ ಕಲ್ಲಿನಲ್ಲಿ ನೋಡಬೇಕಿತ್ತು.

"ಅದ್ರಲ್ಲಿ ನೋಡಾದೇನೈತೆ ಮೇಡಮ್? ಅಮುಕಿದ್ರೆ ಇಳೀತದೆ" ಎಂದ ದೇವರಾಜ್.

"ಮೊದಲು ನಿಮ್ಮ ಥರಾನೇ ಕೊರೀರಿ ಅಣ್ಣ."

ಅವನು ಲಿವರನ್ನು ತುದಿಗೆ ತಳ್ಳಿದ. ಲಾರಿ ನಡುಗಿತು, ರಾಡ್ ನರಳಿತು. ಸದ್ದು ದೂರದ ಬೈರಮಂಗಲಕ್ಕೂ ಕೇಳಿಸುವಷ್ಟಿತ್ತು. ಮೇಲೆ ಬರುವ ಕಲ್ಲುಪುಡಿ ಮಾತ್ರ ಕಡಿಮೆಯಾಯಿತು.

"ಈಗ ಒಸಿ ಬುಡಿ" ಎಂದಳು ಭಾನುಪ್ರಿಯ.

ಅರ್ಧ ಮುದ್ದೆಗೇ ಊಟ ಬಿಟ್ಟು ಏಳು ಎಂದಂತಾಯಿತು ದೇವರಾಜನಿಗೆ. ಮುಖ ಗಂಟಿಕ್ಕಿಕೊಂಡೇ ಅವಳು ಹೇಳಿದಂತೆ ಒತ್ತಡ ಸಡಿಲಿಸಿದ, ತಿರುಗುವ ವೇಗ ಇಳಿಸಿದ, ಗಾಳಿ ಹೆಚ್ಚಿಸಿದ. ಪುಡಿ ಭುಸ್ಸೆಂದು ಮೇಲೆದ್ದಿತು. ರಾಡ್ ಸಲೀಸಾಗಿ ಇಳಿಯತೊಡಗಿತು. ನಂಬಲಾರದೆ ಮತ್ತೆ ಅಮುಕಿದ, ನಿಧಾನವಾಯಿತು. ರೇಗಿ ಪೂರ್ತಿ ಬಿಟ್ಟ. ರಾಡಿನ ತುದಿಯಲ್ಲಿ ಪೆಟ್ಟು ಕೊಟ್ಟು ಕೊರೆಯುವ ಬಿಟ್ ಕಲ್ಲಿನ ಮೇಲೆ ಸುಮ್ಮನೆ ಕುಣಿಯಿತು.

"ತೀರಾ ಬುಟ್ರೆ ಪೆಟ್ಟು ಕೂರಲ್ಲ ಅಣ್ಣ. ತೀರಾ ಅಮುಕಿದ್ರೆ ಬಿಟ್ ತಿರುಗೋಕೆ ಒದ್ದಾಡ್ತದೆ, ಪುಡಿ ಮೇಲೆ ಬರಲ್ಲ. ಅರೆದಿದ್ದನ್ನೇ ಅರೀತಾ ಇರ್ತದೆ."

"ಈ ಕಲ್ಲು ಒಸಿ ಮೆತ್ತಗೈತೆ, ಅದ್ಕೇ" ಎಂದ ದೇವರಾಜ್.

"ಆಗ್ಲಿಂದ ಅದೇ ಕಲ್ಲು ಕಣ್ಲಾ!" ಎಂದು ಚಿಕ್ಕಹನುಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

ಸಂಜೆಯ ಹೊತ್ತಿಗೆ ನೀರೂ ಸಿಕ್ಕಿತು. ದೇವರಾಜ್ ಕಲ್ಲು ಮೆತ್ತಗಿತ್ತೆಂದೇ ಹಟ ಹಿಡಿದು ಲಾರಿ ಹತ್ತಿದ. ಆದರೆ ಮುಂದಿನ ಬೋರಿನಿಂದ ಲಿವರ್ ನಡುವಿನಲ್ಲೇ ನಿಂತಿತು. ಬಿಟ್‌ಗಳು ಬೇಗ ಸವೆಯುವುದು ತಪ್ಪಿತು. ಮಾಗಡಿ ಕಡೆಯ ಟೀ ಅಂಗಡಿಯೊಂದರಲ್ಲಿ ಬೇರೆ ಆಪರೇಟರ್‌ಗಳನ್ನು ಕೂರಿಸಿಕೊಂಡು, "ಎಲ್ಲಾ ಕೈ ಹದದಲ್ಲೈತೆ ಕಣ್ರಲಾ, ನಾನೇ ಕಂಡುಹಿಡಿದಿದ್ದು" ಎಂದು ಪಾಠ ಹೇಳಿದ.

ಕೆಲವು ತಿಂಗಳ ಮೇಲೆ ಭಾನುಪ್ರಿಯ ಫೋನ್ ಮಾಡಿ, ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕಬಹುದಾ ಎಂದು ಕೇಳಿದಳು.

"ಹಾಕಿ ಮೇಡಮ್. ನಾನು ಮೊದ್ಲು ಅಮುಕಿದ್ದು ಮಾತ್ರ ಬರೀಬ್ಯಾಡಿ."

"ಅದನ್ನ ಬಿಟ್ರೆ ಹೋಲಿಸೋಕೆ ಏನೂ ಉಳಿಯಲ್ಲ ಅಣ್ಣ!"

ದೇವರಾಜ್ ತಲೆ ಕೆರೆದುಕೊಂಡು ಯೋಚಿಸಿದ. "ಹಂಗಾರೆ ಬರ್ಕಳಿ. ಹೆಸರು ಮಾತ್ರ ಒಸಿ ದಪ್ಪಕ್ಷರದಲ್ಲಿರ್ಲಿ."